ಒಂದೇ ಕೊಳವೆಯ ಬಾಯ್ಲರ್

ಇಂಗ್ಲೆಂಡಿನ ವಿಂಡರ್‌ಮಿಯರ್ ಸರೋವರದಲ್ಲಿ ಪುಟ್ಟ ಉಗಿದೋಣಿಗಳನ್ನು ಜೋಪಾನವಾಗಿ ಉಳಿಸಿಕೊಂಡು ಬಂದ ಹವ್ಯಾಸಿಗಳಿದ್ದಾರೆ. ಇಂಥ ದೋಣಿಗಳಲ್ಲಿ ಸಾಮಾನ್ಯವಾಗಿ ಇರುವುದು ಸಾಕಷ್ಟು ನೀರು ಹಿಡಿಯುವ ಡ್ರಮ್ ಬಾಯ್ಲರ್. ಆದರೆ ಕೈಯಾರೆ ಬಾಯ್ಲರ್ ಕಟ್ಟುವ ಕೆಲವರನ್ನು ಸೆಳೆಯುವುದು ಸುರುಳಿ ಸುತ್ತಿದ ಒಂದೇ ಒಂದು ಉಕ್ಕಿನ ಕೊಳವೆ. ಪಂಪು ಒಂದು ತುದಿಯಿಂದ ತಣ್ಣೀರು ನೂಕುತ್ತದೆ, ಇನ್ನೊಂದು ತುದಿಯಿಂದ ಒಣ ಉಗಿ ಬರುತ್ತದೆ. ನೀರಿನ ಮಟ್ಟ ನೋಡಲು ಗಾಜಿನ ನಳಿಕೆಯೂ ಇಲ್ಲ.

ಫ್ರಾನ್ಸಿನ ಲಿಯೋನ್ ಸೆರ್ಪೊಲೆ 1880ರ ದಶಕದಲ್ಲಿ ಈ ದಾರಿ ತೆರೆದವನು. 1902ರಲ್ಲಿ ನೀಸ್ ನಗರದಲ್ಲಿ ಅವನ ಉಗಿ ಕಾರು ಗಂಟೆಗೆ 120 ಕಿ.ಮೀ. ಮುಟ್ಟಿ ವೇಗದ ದಾಖಲೆ ಬರೆಯಿತು.

ಈ ಬಾಯ್ಲರಿನ ದೊಡ್ಡ ಗುಣ ಸುರಕ್ಷತೆ: ಕೊಳವೆ ಸೀಳಿದರೂ ಚಿಮ್ಮುವುದು ಒಳಗಿದ್ದ ಅಷ್ಟಿಷ್ಟು ನೀರು ಮಾತ್ರ. ಡ್ರಮ್ ಸಿಡಿದಾಗಿನ ಅನಾಹುತ ಆಗದು. ಹತ್ತು ಬಾರ್ ಒತ್ತಡದಲ್ಲಿ ಕೂಡ ನೀರು ಉಗಿಯಾದಾಗ 150 ಪಟ್ಟಿಗೂ ಹೆಚ್ಚು ಹಿಗ್ಗುವುದರಿಂದ, ಜಾಣ ವಿನ್ಯಾಸಕರು ಉಗಿ ಹೊರಡುವ ಕಡೆಗೆ ಕೊಳವೆಯನ್ನು ಅಗಲ ಮಾಡುತ್ತಾರೆ. ಬಿಸಿ ಏರಿದಂತೆ ಮೆತ್ತಗಾಗುವ ತಾಮ್ರಕ್ಕೆ ಅಲ್ಲಿ ಜಾಗವಿಲ್ಲ.

ನಿಜವಾದ ಪರೀಕ್ಷೆ ಇರುವುದು ಇದನ್ನು ನಡೆಸುವಾಗ. ಕೂಡಿಟ್ಟ ನೀರಾಗಲಿ ಉಗಿಯಾಗಲಿ ಇಲ್ಲದ್ದರಿಂದ ಬೆಂಕಿಗೂ ನೀರಿಗೂ ಕ್ಷಣಕ್ಷಣವೂ ಹೊಂದಾಣಿಕೆ ಇರಬೇಕು. ನೀರು ಕಮ್ಮಿಯಾದರೆ ಕೊಳವೆ ಕೆಂಪಗೆ ಕಾಯುತ್ತದೆ. ಹೆಚ್ಚಾದರೆ ಇಂಜಿನ್ನಿಗೆ ಒದ್ದೆ ಉಗಿ ಹೋಗಿ ಸಿಲಿಂಡರಿಗೇ ಅಪಾಯ. ದಡ ಮುಟ್ಟುವ ಹೊತ್ತು ಇನ್ನೂ ಕಷ್ಟ. ಇಂಜಿನ್ ನಿಂತರೆ ಅದಕ್ಕೆ ಜೋಡಿಸಿದ ಪಂಪೂ ನಿಲ್ಲುತ್ತದೆ, ಸೌದೆಯ ಅಥವಾ ಕಲ್ಲಿದ್ದಲಿನ ಬೆಂಕಿ ಮಾತ್ರ ಉರಿಯುತ್ತಲೇ ಇರುತ್ತದೆ. ಆಗ ಕೈಪಂಪು ಹಿಡಿಯಬೇಕು; ಮಿಕ್ಕ ಉಗಿಯನ್ನು, ಅದನ್ನು ತಣಿಸಿ ಮತ್ತೆ ನೀರಾಗಿಸುವ ಕಂಡೆನ್ಸರಿಗೆ ಬಿಡಬೇಕು. ತಟ್ಟನೆ ಆರಿಸಬಹುದಾದ ಎಣ್ಣೆ ಅಥವಾ ಗ್ಯಾಸ್ ಬರ್ನರ್ ಇದ್ದರೆ ಅರ್ಧ ಚಿಂತೆ ತಪ್ಪಿತು. ಕಂಡೆನ್ಸರಿನಿಂದ ಮರಳುವ ನೀರಿನಲ್ಲಿ ಸಿಲಿಂಡರ್ ಎಣ್ಣೆ ಬೆರೆತಿರುತ್ತದೆ. ಸೋಸದೆ ಬಿಟ್ಟರೆ ಕೊಳವೆಯೊಳಗೆ ಕರಿಕಟ್ಟಿ, ಅಲ್ಲೇ ಉಕ್ಕು ಸುಟ್ಟುಹೋಗುತ್ತದೆ.

ಇದು ಬರೀ ಹವ್ಯಾಸಿಗಳ ಹುಚ್ಚಲ್ಲ. ನಮ್ಮ ವಿಜಯಪುರ ಜಿಲ್ಲೆಯ ಕೂಡಗಿ ವಿದ್ಯುತ್ ಸ್ಥಾವರದಲ್ಲಿ 800 ಮೆಗಾವಾಟಿನ ಮೂರು ಘಟಕಗಳು ನಡೆಯುವುದು ಇದೇ ತತ್ವದಿಂದ: ನೀರು ಡ್ರಮ್ ಇಲ್ಲದೆ ಒಂದೇ ಓಟದಲ್ಲಿ ಉಗಿಯಾಗುತ್ತದೆ. ಅಲ್ಲಿ ಸಾವಿರಾರು ಕೊಳವೆಗಳು, ಕಾವಲಿಗೆ ಕಂಪ್ಯೂಟರು. ದೋಣಿಯಲ್ಲಿ ಆ ಕಾವಲು ಚಾಲಕನ ಕಣ್ಣು ಕಿವಿಗಳದು. ಮೊದಲ ಬಾರಿ ಉಗಿದೋಣಿ ಕಟ್ಟುವವರು ಡ್ರಮ್ ಬಾಯ್ಲರಿನಲ್ಲಿ ಕೈ ಪಳಗಿಸಿಕೊಂಡು ಆಮೇಲೆ ಇದಕ್ಕೆ ಬರುವುದೇ ಸರಿ.