ಸೊಸೆಯಾಗುವವಳ ಹೆಸರಿಗೆ ಬಂದ ಕಾಗದ

1961ರಲ್ಲಿ ಸಾಗರದ ಕಡೆಯಿಂದ ತೀರ್ಥಹಳ್ಳಿ ಹತ್ತಿರದ ನಮ್ಮ ಅಜ್ಜನ ಮನೆಗೆ ಬಂದ ಇನ್‌ಲ್ಯಾಂಡ್ ಲೆಟರೊಂದು ಈಗ ನನ್ನ ಬಳಿ ಇದೆ. ಮಡಿಕೆಯ ಉದ್ದಕ್ಕೂ ನೀಲಿ ಬಣ್ಣ ಹಾರಿದೆ. ವಿಳಾಸದಲ್ಲಿ ಮೊದಲು ನನ್ನ ಅಮ್ಮನ ಹೆಸರು, ಆಮೇಲೆ ಕೇರಾಫ್ ಅಂತ ಅಜ್ಜನದು. ಅಮ್ಮನಿಗೆ ಆಗಷ್ಟೇ ಮದುವೆ ನಿಶ್ಚಯವಾಗಿತ್ತು. ಬರೆದವರು ಅತ್ತೆಯಾಗುವವರು.

ಉಭಯಕುಶಲೋಪರಿ ಮುಗಿಸಿ ಅವರು ನೇರ ವಿಷಯಕ್ಕೇ ಬಂದಿದ್ದಾರೆ. ಕೌಲೆ ಹಸು ಕರು ಹಾಕಿದೆ. ಮೈದುನ ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದಿದ್ದಾನೆ. ದಾಯಾದಿಗಳ ಜೊತೆ ತೋಟದ ವ್ಯಾಜ್ಯ ಕೋರ್ಟಿನಲ್ಲಿದೆ. ಮನೆಯಲ್ಲಿರುವ ಹಿರಿಯತ್ತೆ ಹಾಸಿಗೆ ಹಿಡಿದಿದ್ದಾರೆ, ಬಂದಮೇಲೆ ಅವರ ಆರೈಕೆ ನಿನ್ನ ಪಾಲಿಗೂ ಬರುತ್ತದೆ.

ಕಾಗದ ಒಡೆದು ಓದಿದ ಅಜ್ಜ ಕೆಂಡವಾದರಂತೆ. ಮಾತುಕತೆ ಏನಿದ್ದರೂ ಗಂಡಸರ ನಡುವೆ ಆಗಬೇಕು, ಹುಡುಗಿಗೆ ಬರೆಯುವುದೆಂದರೇನು ಎಂದು ಬೀಗರಿಗೆ ಹೇಳಿಕಳಿಸಿದರು. ಆ ಕಡೆಯ ಅಜ್ಜಿ ಕೊಟ್ಟ ಉತ್ತರ ನಮ್ಮ ಮನೆಯಲ್ಲಿ ಗಾದೆಯಂತೆ ಉಳಿದಿದೆ: 'ನಮ್ಮನೆಗೆ ಬರೋಳು ಅವಳು, ನೀವಲ್ಲ.'

ಇಂಥ ಕಾಗದಕ್ಕೆ ಕಾಲ ಕೂಡಿಬರಲು ಎಷ್ಟೋ ವರ್ಷ ಬೇಕಾಯಿತು. ಕಾಲಾಣೆಯ ಅಂಚೆ ಕಾರ್ಡು 1879ರಲ್ಲೇ ಬಂದಿತ್ತು. ಆದರೆ ಅದನ್ನು ಓದಬೇಕಾದ ಮದುವಣಗಿತ್ತಿ ಇನ್ನೂ ಕುಂಟೆಬಿಲ್ಲೆ ಆಡುವ ಮಗು. ಎಂಟು ತುಂಬದ ಹುಡುಗಿಯ ಮದುವೆಯನ್ನು ಮೈಸೂರು ಸಂಸ್ಥಾನ ಕಾನೂನು ಮಾಡಿ ತಡೆದದ್ದು 1894ರಲ್ಲಿ. ಬ್ರಿಟಿಷ್ ಇಂಡಿಯಾದಲ್ಲಿ 1929ರ ಶಾರದಾ ಕಾಯ್ದೆ ಹುಡುಗಿಯ ಮದುವೆಯ ವಯಸ್ಸನ್ನು 14ಕ್ಕೆ ತಂದಿತು. ಕಾರ್ಡಿಗೆ ಇನ್ನೊಂದು ತೊಡಕು: ಅಂಚೆಯವನಿಂದ ಹಿಡಿದು ಪಕ್ಕದ ಮನೆಯವರವರೆಗೆ ಯಾರು ಬೇಕಾದರೂ ಓದಬಹುದು. ಮಡಚಿ ಅಂಟಿಸುವ ಇನ್‌ಲ್ಯಾಂಡ್ ಬಂದದ್ದು 1950ರಲ್ಲಿ. ಮರುವರ್ಷದ ಜನಗಣತಿಯಲ್ಲಿ ದೇಶದ ಹೆಂಗಸರಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಒಂಬತ್ತು ಮಂದಿಯೂ ಇರಲಿಲ್ಲ. ಬರೆಯಬಲ್ಲ ಅತ್ತೆ, ಓದಬಲ್ಲ ಸೊಸೆ ಎರಡೂ ಕಡೆ ಸಿಗುವುದು ಆಗ ಅಪರೂಪವೇ.

ಅಜ್ಜಿಯ ಕಾಗದದಲ್ಲಿ ಇನ್ನೂ ಒಂದು ಸಾಲಿದೆ. ನಾಂದಿ ಆದಮೇಲೆ ಹಿರಿಯತ್ತೆಗೆ ಏನಾದರೂ ಆದರೆ ಮದುವೆ ನಿಲ್ಲಿಸಬೇಕಿಲ್ಲ ಎಂದಿದ್ದಾರೆ ಭಟ್ಟರು. ಆದರೂ ನಿನಗೆ ಮುಚ್ಚಿಡುವುದಿಲ್ಲ. ಮದುವೆಗೆ ಹತ್ತು ದಿನದೊಳಗೆ ನಾಂದಿ ಇಟ್ಟುಕೊಳ್ಳಬಹುದು, ಇಟ್ಟಮೇಲೆ ಆ ಕಾರ್ಯಕ್ಕೆ ಸೂತಕ ಅಡ್ಡಬಾರದು ಎಂಬುದು ಶಾಸ್ತ್ರ. 1612ರಲ್ಲಿ ಕಾಶಿಯ ಕಮಲಾಕರ ಭಟ್ಟರು ರಚಿಸಿದ 'ನಿರ್ಣಯಸಿಂಧು'ವನ್ನು ಪುರೋಹಿತರು ಇಂಥ ಪ್ರಶ್ನೆಗಳಿಗೆ ಇಂದಿಗೂ ತೆರೆಯುತ್ತಾರೆ. ಚಪ್ಪರ ಹಾಕಿ, ನೆಂಟರನ್ನು ಕರೆದು, ಅಕ್ಕಿ-ಬೆಲ್ಲ ತಂದಿಟ್ಟವರ ಕಷ್ಟ ಅರಿತು ಕೊಟ್ಟ ರಿಯಾಯಿತಿ ಅದು. ನಮ್ಮ ಜನ ಅದನ್ನೇ ಸುದ್ದಿ ಮುಚ್ಚಿಡಲು ನೆಪ ಮಾಡಿಕೊಂಡರು. ಸಾವಿನ ತಂತಿಯನ್ನು ಜೇಬಿನಲ್ಲಿಟ್ಟುಕೊಂಡು ಧಾರೆ ಎರೆಸಿದ ಹಿರಿಯರ ಕತೆ ಊರಿಗೊಂದು ಸಿಗುತ್ತದೆ. ಕಾರ್ಯಕ್ಕೆ ಸೂತಕ ತಟ್ಟದಿದ್ದರೆ ಸಾಕು, ಮದುಮಗಳಿಗೆ ತಿಳಿಯಲೇಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಆಮೇಲಿನದು ಎಲ್ಲರಿಗೂ ಗೊತ್ತಿರುವುದೇ. ಎಸ್‌ಟಿಡಿ ಬೂತು ಬಂತು, ಮೊಬೈಲ್ ಬಂತು, 2013ರ ಜುಲೈಯಲ್ಲಿ ತಂತಿ ನಿಂತಿತು. ಈಗ ನಿಶ್ಚಿತಾರ್ಥದ ದಿನವೇ ಹುಡುಗಿಯನ್ನು ಗಂಡಿನ ಮನೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಸೇರಿಸುತ್ತಾರೆ. ಬೆಳಗಿನ ಶುಭೋದಯ, ಸೀರೆಯ ಫೋಟೊ, ಮೆಹಂದಿಯ ವಿಡಿಯೊ ಎಲ್ಲ ಬರುತ್ತವೆ. ಮಾವನ ಬೈಪಾಸ್, ಮನೆಯ ಮೇಲಿನ ಸಾಲ, ನಾದಿನಿಯ ವಿಚ್ಛೇದನದ ಕೇಸು ಮಾತ್ರ ಬರುವುದಿಲ್ಲ. ಅವನ್ನು ಅವಳು ಮದುವೆಯಾದ ಮೂರನೇ ತಿಂಗಳು ಅಡುಗೆಮನೆಯಲ್ಲಿ, ಇನ್ಯಾರದೋ ಬಾಯಿಂದ ಕೇಳುತ್ತಾಳೆ.

ಮಗನಿಗೆ ಹೆಣ್ಣು ಗೊತ್ತುಮಾಡಿರುವ ತಾಯಂದಿರಿಗೆ ಒಂದು ಮಾತು. ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಮನೆಯ ಕಷ್ಟಸುಖವನ್ನು ಆ ಹುಡುಗಿಗೆ ನೀವೇ ಹೇಳಿ. ಕೇಳಿದ ಮೇಲೆ ಅವಳು ಬೇಡವೆಂದರೆ, ಅದು ಅವಳ ಹಕ್ಕು.