ಪೈಥಾನ್ ಪಾಠದಲ್ಲೊಂದು ನಾಮಕರಣ: ವೇರಿಯಬಲ್, ಅಸೈನ್‌ಮೆಂಟ್, ಇನ್‌ಪುಟ್

ಸಿಬಿಎಸ್‌ಇ ಪಠ್ಯಕ್ರಮದಲ್ಲಿ ಹನ್ನೊಂದನೆಯ ತರಗತಿಗೆ ಗಣಕ ವಿಜ್ಞಾನವನ್ನು ಆರಿಸಿಕೊಂಡ ಮಕ್ಕಳಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಸಲಾಗುತ್ತದೆ. ಹೊರನಾಡಿನಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಈ ಪುಸ್ತಕ ತೆರೆದೊಡನೆ, ಇದು ಇಂಗ್ಲಿಷಿನ ವಿಷಯವೆಂದು ಹಿರಿಯರು ಹಿಂದೆ ಸರಿಯುವುದುಂಟು. ಆದರೆ ಈ ಪಾಠದ ಅಡಿಪಾಯವಾಗಿರುವ ಮೂರು ಸಂಗತಿಗಳಿಗೆ ಇಂಗ್ಲಿಷಿನ ಹಂಗಿಲ್ಲ. ಅವು ಮನಸ್ಸಿಗೆ ಹತ್ತದಿದ್ದರೆ ಮುಂದಿನದೆಲ್ಲವೂ ಬರಿಯ ಬಾಯಿಪಾಠವಾಗುತ್ತದೆ. ಆದ್ದರಿಂದ ಅವುಗಳನ್ನು ಮನೆಮಾತಿನಲ್ಲಿ ವಿವರಿಸಲು ಹಿರಿಯರೂ ತಿಳಿದಿರುವುದು ಒಳಿತು.

ಹೆಸರಿಡುವ ಕ್ರಮ

ಗಣಿತದಲ್ಲಿ ಚರಾಕ್ಷರವೆಂದು ನಾವು ಕಲಿತದ್ದಕ್ಕೆ ಹತ್ತಿರವಾದುದು ವೇರಿಯಬಲ್. ಅದೊಂದು ಹೆಸರು. ಆ ಹೆಸರನ್ನು ಒಂದು ಮೌಲ್ಯಕ್ಕೆ ಕೊಡುವ ಕ್ರಿಯೆಯೇ ಅಸೈನ್‌ಮೆಂಟ್.

ದೊಡ್ಡವರು = 4

ಈ ಸಾಲನ್ನು "ದೊಡ್ಡವರು ಮತ್ತು 4 ಸಮ" ಎಂದು ಓದಬಾರದು. "4 ಎಂಬ ಮೌಲ್ಯಕ್ಕೆ ದೊಡ್ಡವರು ಎಂದು ಹೆಸರಿಡು" ಎಂದು ಓದಬೇಕು. ನಾಮಕರಣದಲ್ಲಿ ಮಗು ಮೊದಲು, ಹೆಸರು ಆಮೇಲೆ. ಇಲ್ಲಿಯೂ ಯಂತ್ರವು ಬಲಗಡೆಯ ಮೌಲ್ಯವನ್ನು ಮೊದಲು ಸಿದ್ಧಪಡಿಸಿಕೊಂಡು, ಅನಂತರವೇ ಎಡಗಡೆಯ ಹೆಸರನ್ನು ಅದಕ್ಕೆ ಕಟ್ಟುತ್ತದೆ. ಒಂದೇ ಮಗುವಿಗೆ ಮನೆಯಲ್ಲೊಂದು, ಶಾಲೆಯಲ್ಲೊಂದು ಹೆಸರಿರುವಂತೆ ಒಂದೇ ಮೌಲ್ಯಕ್ಕೆ ಎರಡು ಹೆಸರುಗಳೂ ಇರಬಹುದು. ಒಂದು ವ್ಯತ್ಯಾಸವನ್ನು ಮಾತ್ರ ನೆನಪಿಡಬೇಕು: ಅದೇ ಹೆಸರನ್ನು ಮತ್ತೊಂದು ಮೌಲ್ಯಕ್ಕೆ ಕೊಟ್ಟರೆ ಅದು ಹಳೆಯದನ್ನು ಬಿಟ್ಟು ಹೊಸದಕ್ಕೆ ಸೇರಿಕೊಳ್ಳುತ್ತದೆ.

ಇದನ್ನು ಗ್ರಹಿಸಿದರೆ ಹೊಸಬರನ್ನು ತಬ್ಬಿಬ್ಬುಗೊಳಿಸುವ ಸಾಲೊಂದು ಸುಲಭವಾಗುತ್ತದೆ.

ಒಟ್ಟು = ಒಟ್ಟು + 7

ಗಣಿತದ ದೃಷ್ಟಿಯಲ್ಲಿ ಇದು ಅಸಂಭವ. ಯಾವ ಸಂಖ್ಯೆಯೂ ತನಗಿಂತ ಏಳು ಹೆಚ್ಚಾಗಿರಲಾರದು. ಆದರೆ ಇದು ಸಮೀಕರಣವಲ್ಲ, ಆಜ್ಞೆ. ಈಗ ಒಟ್ಟು ಎಂಬ ಹೆಸರಿನಲ್ಲಿರುವ ಮೌಲ್ಯಕ್ಕೆ 7 ಕೂಡಿಸು, ಬಂದ ಫಲಕ್ಕೆ ಇನ್ನು ಮುಂದೆ ಒಟ್ಟು ಎಂದು ಹೆಸರಿಡು ಎಂದರ್ಥ.

ಈ ಗೊಂದಲಕ್ಕೆ ಚಿಹ್ನೆಯ ಇತಿಹಾಸವೂ ಕಾರಣ. ಎರಡು ಸಮಾನಾಂತರ ಗೆರೆಗಳ ಸಮಚಿಹ್ನೆಯನ್ನು 1557ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬಳಕೆಗೆ ತಂದವನು ವೇಲ್ಸ್ ಮೂಲದ ಗಣಿತಜ್ಞ ರಾಬರ್ಟ್ ರೆಕಾರ್ಡ್. 1957ರಲ್ಲಿ ಬಂದ ಫೋರ್ಟ್ರಾನ್ ಭಾಷೆ ಅದೇ ಚಿಹ್ನೆಯನ್ನು ಅಸೈನ್‌ಮೆಂಟಿಗೆ ಬಳಸಿತು. ಆಲ್ಗಾಲ್, ಪಾಸ್ಕಲ್ ಭಾಷೆಗಳು ಅದರ ಹಿಂದೆ ಒಂದು ವಿವರಣ ಚಿಹ್ನೆಯನ್ನು ಸೇರಿಸಿ ಭೇದ ತೋರಿಸಿದವು. ಪೈಥಾನ್ ಫೋರ್ಟ್ರಾನಿನ ದಾರಿಯನ್ನೇ ಹಿಡಿದಿದೆ. ಎರಡು ಮೌಲ್ಯಗಳು ಸಮವೇ ಎಂದು ಕೇಳಬೇಕಾದರೆ ಅದರಲ್ಲಿ ಸಮಚಿಹ್ನೆಯನ್ನು ಎರಡು ಬಾರಿ ಬರೆಯಬೇಕು.

ಏಳೋ, ನಲವತ್ತಮೂರೋ?

ಬಳಕೆದಾರರಿಂದ ಮಾಹಿತಿ ಪಡೆಯುವುದಕ್ಕೆ ಇನ್‌ಪುಟ್ ಎನ್ನುತ್ತಾರೆ. ಸಂಘದ ಯುಗಾದಿ ಊಟಕ್ಕೆ ಒಂದು ಕುಟುಂಬಕ್ಕೆ ಎಷ್ಟು ಎಲೆ ಹಾಕಬೇಕೆಂದು ತಿಳಿಸುವ ಪ್ರೋಗ್ರಾಮನ್ನು ನೋಡೋಣ.

ದೊಡ್ಡವರು = ಇನ್‌ಪುಟ್("ದೊಡ್ಡವರು ಎಷ್ಟು ಮಂದಿ? ")
ಮಕ್ಕಳು = ಇನ್‌ಪುಟ್("ಮಕ್ಕಳು ಎಷ್ಟು ಮಂದಿ? ")
ಎಲೆಗಳು = ದೊಡ್ಡವರು + ಮಕ್ಕಳು
ಪ್ರಿಂಟ್(ಎಲೆಗಳು)

ಓದುವ ಅನುಕೂಲಕ್ಕಾಗಿ ಇನ್‌ಪುಟ್, ಪ್ರಿಂಟ್ ಎಂಬ ಪೈಥಾನ್ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಯಂತ್ರದಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು.

ದೊಡ್ಡವರು 4, ಮಕ್ಕಳು 3 ಎಂದು ಉತ್ತರ ಕೊಟ್ಟರೆ ಪರದೆಯ ಮೇಲೆ ಮೂಡುವುದು 7 ಅಲ್ಲ, 43! ಯಂತ್ರ ಕೆಟ್ಟಿಲ್ಲ. ಇನ್‌ಪುಟ್ ತರುವುದು ಯಾವಾಗಲೂ ಅಕ್ಷರಗಳ ಸರಣಿಯನ್ನೇ ಹೊರತು ಸಂಖ್ಯೆಯನ್ನಲ್ಲ. ಸಂಖ್ಯೆಗಳ ನಡುವೆ ಕೂಡುವ ಚಿಹ್ನೆ ಮೊತ್ತ ಮಾಡುತ್ತದೆ. ಅಕ್ಷರಗಳ ನಡುವೆ ಒಂದರ ಪಕ್ಕಕ್ಕೆ ಇನ್ನೊಂದನ್ನು ಜೋಡಿಸುತ್ತದೆ. ಪ್ರೋಗ್ರಾಮು ತಪ್ಪೆಂದು ಎಚ್ಚರಿಸದೆ ಸರಾಗವಾಗಿ ನಡೆದುಬಿಡುವುದರಿಂದಲೇ ಈ ದೋಷ ಅಪಾಯಕಾರಿ. ಅಡುಗೆಯವರು ಆ ಅಂಕಿಯನ್ನು ನಂಬಿದರೆ ಏಳು ಮಂದಿಗಾಗಿ ನಲವತ್ತಮೂರು ಎಲೆ ಹಾಕಬೇಕಾದೀತು.

ಪರಿಹಾರ ಸರಳ: ಬಂದ ಅಕ್ಷರಗಳನ್ನು ಇಂಟ್ ಎಂಬ ಆಜ್ಞೆಯ ಮೂಲಕ ಪೂರ್ಣಸಂಖ್ಯೆಯಾಗಿಸಬೇಕು.

ದೊಡ್ಡವರು = ಇಂಟ್(ಇನ್‌ಪುಟ್("ದೊಡ್ಡವರು ಎಷ್ಟು ಮಂದಿ? "))

ಮಕ್ಕಳ ಸಾಲನ್ನೂ ಹೀಗೆಯೇ ತಿದ್ದಿದರೆ ಉತ್ತರ 7 ಬರುತ್ತದೆ. ಆದರೆ ಯಾರಾದರೂ ಅಂಕಿಯ ಬದಲು "ನಾಲ್ಕು" ಎಂದು ಬರೆದರೆ ಪ್ರೋಗ್ರಾಮು ಅಲ್ಲಿಯೇ ದೋಷ ತೋರಿಸಿ ನಿಲ್ಲುತ್ತದೆ. ತಪ್ಪು ಲೆಕ್ಕ ಕೊಡುವುದಕ್ಕಿಂತ ನಿಲ್ಲುವುದೇ ಮೇಲು.

ಕನ್ನಡಕ್ಕಿರುವ ಸ್ಥಾನ

ಡಚ್ ಪ್ರೋಗ್ರಾಮರ್ ಗೀಡೊ ವಾನ್ ರೋಸಮ್ 1991ರಲ್ಲಿ ಮೊದಲು ಬಿಡುಗಡೆ ಮಾಡಿದ ಈ ಭಾಷೆಯ ಮೂರನೆಯ ಆವೃತ್ತಿ 2008ರಲ್ಲಿ ಬಂತು. ಅಂದಿನಿಂದ ವೇರಿಯಬಲ್ಲುಗಳ ಹೆಸರನ್ನು ಕನ್ನಡ ಲಿಪಿಯಲ್ಲೂ ಬರೆಯಬಹುದಾಗಿದೆ. ಮೇಲಿನ ದೊಡ್ಡವರು, ಮಕ್ಕಳು, ಎಲೆಗಳು ಎಂಬ ಹೆಸರುಗಳು ಯಂತ್ರದಲ್ಲಿ ಹಾಗೆಯೇ ನಡೆಯುತ್ತವೆ. ಅಜ್ಜಿ ಕನ್ನಡದ ಅಂಕಿಗಳಲ್ಲಿ ೪ ಎಂದು ಉತ್ತರಿಸಿದರೂ ಇಂಟ್ ಅದನ್ನು ನಾಲ್ಕೆಂದೇ ಗ್ರಹಿಸುತ್ತದೆ. ಪ್ರೋಗ್ರಾಮಿನ ಸಾಲಿನೊಳಗೆ ನೇರವಾಗಿ ಬರೆಯುವ ಸಂಖ್ಯೆಗಳಿಗೆ ಮಾತ್ರ ಈ ಸೌಲಭ್ಯವಿಲ್ಲ.

ಹೆಸರಿನ ನಡುವೆ ತೆರಪು ಬಿಡಬಾರದು, ಹೆಸರು ಅಂಕಿಯಿಂದ ಆರಂಭವಾಗಬಾರದು. "ಕೂಪನ್‌ಗಳು" ಎಂಬಂತಹ ಪದದಲ್ಲಿ ಒತ್ತಕ್ಷರವಾಗದಂತೆ ತಡೆಯಲು ಕಣ್ಣಿಗೆ ಕಾಣದ ಚಿಹ್ನೆಯೊಂದು ಸೇರಿರುತ್ತದೆ. ಪೈಥಾನ್ ಅದನ್ನು ಹೆಸರಿನಲ್ಲಿ ಒಪ್ಪುವುದಿಲ್ಲ. ಅಂತಹ ಪದವನ್ನು ಬಿಟ್ಟು "ಚೀಟಿ" ಎಂಬಂತಹ ಬೇರೆ ಹೆಸರನ್ನು ಆರಿಸಿಕೊಳ್ಳಬೇಕು. ಪರೀಕ್ಷೆಯಲ್ಲಿ ಶಾಲೆಯವರು ಹೇಳಿಕೊಟ್ಟಂತೆ ಇಂಗ್ಲಿಷ್ ಹೆಸರುಗಳನ್ನೇ ಬರೆಯಲಿ, ಮನೆಯ ಅಭ್ಯಾಸಕ್ಕೆ ಕನ್ನಡವಿರಲಿ. ಮಾತು ಬಲ್ಲ, ಲಿಪಿ ಮರೆಯುತ್ತಿರುವ ಮಕ್ಕಳಿಗೆ ಅಕ್ಷರಾಭ್ಯಾಸವೂ ಆದಂತಾಗುತ್ತದೆ.

ಮಕ್ಕಳು ಪ್ರೋಗ್ರಾಮು ಬರೆಯುವಾಗ ಹಿರಿಯರು ಪಕ್ಕದಲ್ಲಿ ಕುಳಿತು ಮೂರು ಪ್ರಶ್ನೆಗಳನ್ನು ಕೇಳಬಹುದು. ಈ ಹೆಸರು ಈಗ ಯಾವ ಮೌಲ್ಯಕ್ಕಿದೆ? ಬಲಗಡೆಯ ಲೆಕ್ಕದ ಫಲವೇನು? ಬಳಕೆದಾರರಿಂದ ಬಂದದ್ದು ಸಂಖ್ಯೆಯೋ, ಅಕ್ಷರವೋ? ಈ ಮೂರಕ್ಕೆ ಮಗು ಕನ್ನಡದಲ್ಲಿ ಸರಿಯಾದ ಉತ್ತರ ಕೊಟ್ಟರೆ, ಪಾಠ ಅರ್ಥವಾಗಿದೆ ಎಂದು ತಿಳಿಯಬಹುದು.