ತರಗತಿಯ ಮೌನ ಮತ್ತು ಅಂತರಜಾಲ



ಈ ಸಭೆಯಲ್ಲಿ ಕಾಲೇಜು ಅಧ್ಯಾಪಕರು ಕೆಲವರಿದ್ದಾರೆ; ಕಾಲೇಜಿಗೆ ಹೋಗುವ ಮಕ್ಕಳ ತಂದೆತಾಯಿಗಳು ಅವರಿಗಿಂತ ಹೆಚ್ಚಿದ್ದಾರೆ; ಹಿಂದಿನ ಸಾಲಿನಲ್ಲಿ, ಕಳೆದ ಆಗಸ್ಟ್ ತಿಂಗಳಲ್ಲಷ್ಟೇ ಅಮೆರಿಕೆಗೆ ಬಂದಿಳಿದ ಕೆಲವು ವಿದ್ಯಾರ್ಥಿಗಳೂ ಕಾಣುತ್ತಿದ್ದಾರೆ. ಅಂತರಜಾಲದ ಸಾಧನಗಳಿಂದ ಅಧ್ಯಾಪಕನು ತನ್ನ ವಿದ್ಯಾರ್ಥಿಗಳಿಗೆ ಹೇಗೆ ಹತ್ತಿರವಾಗಬಲ್ಲನೆಂಬ ವಿಚಾರ ಈ ಮೂರೂ ವರ್ಗಗಳಿಗೆ ಸಲ್ಲುವುದರಿಂದ ಅದನ್ನೇ ಆರಿಸಿಕೊಂಡಿದ್ದೇನೆ.

ಇಂಥ ಸಾಧನಗಳೆಂದೊಡನೆ ನಮ್ಮ ಕಣ್ಣಮುಂದೆ ಬರುವುದು ಉಪನ್ಯಾಸವನ್ನು ದೂರದೂರಕ್ಕೆ ಒಯ್ಯುವ ಚಿತ್ರ. ಒಬ್ಬ ಅಧ್ಯಾಪಕ, ಒಂದು ಕ್ಯಾಮೆರಾ, ಸಾವಿರಾರು ಕೇಳುಗರು. ಇದರ ಉಪಕಾರವೇನೂ ಸಣ್ಣದಲ್ಲ. 2004ರಲ್ಲಿ ಇಸ್ರೋ ಹಾರಿಸಿದ ಎಜುಸ್ಯಾಟ್ ಉಪಗ್ರಹದ ಮೂಲಕ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ತನ್ನ ಇಂಜಿನಿಯರಿಂಗ್ ಕಾಲೇಜುಗಳಿಗೆ ಪಾಠಗಳನ್ನು ಬಿತ್ತರಿಸಿತು. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ಸಿದ್ಧಪಡಿಸಿದ ಎನ್‌ಪಿಟಿಇಎಲ್ ಪಾಠಗಳನ್ನು ಇಂದು ಯಾರು ಬೇಕಾದರೂ ಮನೆಯಲ್ಲಿ ಕುಳಿತು ನೋಡಬಹುದು. ಆದರೆ ಅಧ್ಯಾಪಕನ ಮಾತು ವಿದ್ಯಾರ್ಥಿಯತ್ತ ಹರಿಯುವುದಕ್ಕೆ ತರಗತಿಯೊಳಗೆ ಎಂದೂ ಅಡ್ಡಿಯಿರಲಿಲ್ಲ. ಅಡ್ಡಿಯಿರುವುದು ಎದುರು ದಿಕ್ಕಿನಲ್ಲಿ.

ಇದು ನಾನು ಸೋತು ಕಲಿತ ಸಂಗತಿ. ಬಹಳ ವರ್ಷಗಳ ಹಿಂದೆ, ನ್ಯೂಟನ್ನನ ಮೂರನೆಯ ನಿಯಮವನ್ನು ಬೋಧಿಸಿ, ಸಂದೇಹಗಳಿವೆಯೇ ಎಂದು ಕೇಳಿದೆ. ಒಬ್ಬರೂ ಕೈಯೆತ್ತಲಿಲ್ಲ. ಅರ್ಥವಾಯಿತೆಂದು ಭಾವಿಸಿ ಮುಂದುವರಿದೆ. ಪರೀಕ್ಷೆಯಲ್ಲಿ ತರಗತಿಯ ಅರ್ಧಕ್ಕೂ ಹೆಚ್ಚು ಮಂದಿ ಅದೇ ನಿಯಮದಲ್ಲಿ ಎಡವಿದ್ದರು. ಮೊದಲ ಸಾಲಿನಲ್ಲಿ ಕುಳಿತು ಒಂದಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದ ಹುಡುಗನೊಬ್ಬ ಆ ಪರೀಕ್ಷೆಯ ಬಳಿಕ ಮರಳಿ ಬರಲೇ ಇಲ್ಲ. ಅವನು ರಾತ್ರಿಯೆಲ್ಲ ಗೋದಾಮಿನಲ್ಲಿ ದುಡಿದು ಬೆಳಗಿನ ತರಗತಿಗೆ ನೇರವಾಗಿ ಬರುತ್ತಿದ್ದನೆಂದೂ, ನನ್ನ ಕೊಠಡಿಯ ಬಾಗಿಲು ತೆರೆದಿರುತ್ತಿದ್ದ ಮಧ್ಯಾಹ್ನದ ಎರಡು ಗಂಟೆಗಳು ಅವನ ನಿದ್ರೆಯ ವೇಳೆಯೆಂದೂ ಆಮೇಲೆ ತಿಳಿಯಿತು.

ದುಡಿಯುತ್ತ ಓದುವ ಇಂಥವರೇ ಹೆಚ್ಚಾಗಿದ್ದ ಇಂಡಿಯಾನಾಪೊಲಿಸ್‌ನ ವಿಶ್ವವಿದ್ಯಾಲಯವೊಂದರಲ್ಲಿ, 1990ರ ದಶಕದಲ್ಲಿ, ಭೌತಶಾಸ್ತ್ರದ ಪ್ರಾಧ್ಯಾಪಕ ಗ್ರೆಗರ್ ನೋವಾಕ್ ಮತ್ತು ಅವರ ಸಂಗಡಿಗರು ಒಂದು ವಿಧಾನವನ್ನು ರೂಪಿಸಿದರು. ‘ಜಸ್ಟ್ ಇನ್ ಟೈಮ್ ಟೀಚಿಂಗ್’ ಎಂಬ ಅದನ್ನು ನಾವು ಸಕಾಲ ಬೋಧನೆ ಎನ್ನೋಣ. ತರಗತಿಗೆ ಮುನ್ನ ಎರಡು ಮೂರು ಪ್ರಶ್ನೆಗಳನ್ನು ಅಂತರಜಾಲದಲ್ಲಿ ಇಡುವುದು. ವಿದ್ಯಾರ್ಥಿಗಳು ತಮಗೆ ಬಿಡುವಾದಾಗ ಓದಿ, ತಮ್ಮ ಮಾತಿನಲ್ಲಿ ಉತ್ತರ ಬರೆಯುವುದು. ತರಗತಿ ಆರಂಭವಾಗಲು ಕೆಲವೇ ಗಂಟೆಗಳಿರುವಾಗ ಅಧ್ಯಾಪಕನು ಅವುಗಳನ್ನು ಓದಿ, ಅಂದಿನ ಪಾಠವನ್ನು ಅದಕ್ಕೆ ತಕ್ಕಂತೆ ತಿದ್ದಿಕೊಳ್ಳುವುದು. ಯಂತ್ರದ ಕೆಲಸ ಇಲ್ಲಿ ಅಂಚೆಯವನದಷ್ಟೇ. ಉಳಿದುದೆಲ್ಲ ಅಧ್ಯಾಪಕನ ಓದಿನಲ್ಲಿದೆ.

ಇದನ್ನು ಅನುಸರಿಸಿ ನಾನು ಕೇಳಿದ ಮೊದಲ ಪ್ರಶ್ನೆ ಇದು: ಲಾರಿಯೂ ಸಣ್ಣ ಕಾರೂ ಮುಖಾಮುಖಿ ಡಿಕ್ಕಿ ಹೊಡೆದರೆ, ಯಾವುದು ಯಾವುದರ ಮೇಲೆ ಹೆಚ್ಚು ಬಲ ಪ್ರಯೋಗಿಸುತ್ತದೆ? ಲಾರಿಯೇ ಎಂದು ಬಹುಮಂದಿ ಬರೆದರು. ಒಬ್ಬಳು ಮಾತ್ರ, ಬಲಗಳು ಸಮವೆಂದು ಪುಸ್ತಕ ಹೇಳುತ್ತದೆ, ಆದರೆ ಪುಡಿಯಾಗುವುದು ಕಾರು, ಇದನ್ನು ನಂಬುವುದು ಹೇಗೆ ಎಂದು ಕೇಳಿದ್ದಳು. ನನ್ನ ಮೂವತ್ತು ವರ್ಷಗಳ ಟಿಪ್ಪಣಿಗಳಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ! ಅಂದು ಸಿದ್ಧಪಾಠವನ್ನು ಬದಿಗಿಟ್ಟು, ಆಕೆಯ ವಾಕ್ಯವನ್ನು ಹೆಸರಿಲ್ಲದೆ ತೆರೆಯ ಮೇಲೆ ತೋರಿಸಿದೆ. ಬಲ ಸಮವೇ, ಆದರೆ ಲಾರಿಯ ದ್ರವ್ಯರಾಶಿ ಕಾರಿನದಕ್ಕಿಂತ ಹತ್ತು ಪಟ್ಟಾದರೆ, ಕಾರಿನ ವೇಗೋತ್ಕರ್ಷ ಲಾರಿಯದಕ್ಕಿಂತ ಹತ್ತು ಪಟ್ಟಾಗುತ್ತದೆ. ವಿದ್ಯಾರ್ಥಿಗಳು ನೋಡಿದ್ದ ಹಾನಿ ನಿಜವೇ ಆಗಿತ್ತು. ಅದನ್ನು ಬಲವೆಂದು ಕರೆದುದಷ್ಟೇ ತಪ್ಪು. ಆ ದಿನ ಕೈಗಳು ಮೇಲೆದ್ದವು.

‘ಹೆಸರಿಲ್ಲದೆ’ ಎಂಬ ಮಾತನ್ನು ಗಮನಿಸಬೇಕು. ಅಧ್ಯಾಪಕನ ಭಯಕ್ಕಿಂತ ಸಹಪಾಠಿಗಳ ನಗೆಯ ಭಯ ದೊಡ್ಡದು. ಕಾನ್ಪುರದ ಐಐಟಿಯಲ್ಲಿ ಬೆರಳೆಣಿಕೆಯ ಹುಡುಗಿಯರಲ್ಲಿ ಒಬ್ಬರಾಗಿ ಗಣಕವಿಜ್ಞಾನ ಓದಿದ ಪೂಜಾ ಶಂಕರ್ ಅವರು, ನೆರವು ಕೇಳಲು ಅಲ್ಲಿ ತಾವು ಪಟ್ಟ ಸಂಕೋಚವನ್ನೇ ನೆನೆದು 2009ರಲ್ಲಿ ‘ಪಿಯಾಟ್ಸಾ’ ಎಂಬ ಪ್ರಶ್ನೋತ್ತರ ವೇದಿಕೆಯನ್ನು ಆರಂಭಿಸಿದರು. ಅಧ್ಯಾಪಕರು ಅನುಮತಿಸಿದರೆ ಅದರಲ್ಲಿ ವಿದ್ಯಾರ್ಥಿಯು ಸಹಪಾಠಿಗಳಿಗೆ ಹೆಸರು ಕಾಣದಂತೆ ಪ್ರಶ್ನಿಸಬಹುದು.

2020ರ ಮಾರ್ಚ್‌ನಲ್ಲಿ ಕಾಲೇಜುಗಳು ಮುಚ್ಚಿದಾಗ ನಾವೆಲ್ಲ ಕಪ್ಪು ಚೌಕಗಳಿಗೆ ಪಾಠ ಹೇಳಿದೆವು. ಕ್ಯಾಮೆರಾ ತೆರೆಯಲೇಬೇಕೆಂದು ಒತ್ತಾಯಿಸಿದವರೊಡನೆ ನನಗೆ ಸಹಮತವಿರಲಿಲ್ಲ. ನಾಲ್ವರು ಒಂದೇ ಕೋಣೆಯಲ್ಲಿರುವ ಮನೆಯನ್ನು ತರಗತಿಗೆಲ್ಲ ತೋರಿಸುವಂತೆ ಯಾವ ವಿದ್ಯಾರ್ಥಿಯನ್ನೂ ಕೇಳಬಾರದು. ಬದಿಯ ಪೆಟ್ಟಿಗೆಯಲ್ಲಿ ಒಂದು ಸಾಲು ಬರೆದರೆ ಸಾಕಿತ್ತು.

ತಂದೆತಾಯಿಗಳಿಗೆ ಒಂದು ಮಾತು. ಮಗನ ಅಂಕಗಳನ್ನು ವಿಚಾರಿಸಿ ಅಧ್ಯಾಪಕರಿಗೆ ಇ-ಮೇಲ್ ಬರೆಯಬೇಡಿರಿ. 1974ರ ಫೆಡರಲ್ ಕಾನೂನಿನ ಪ್ರಕಾರ ಕಾಲೇಜಿನಲ್ಲಿ ಆ ದಾಖಲೆಯ ಹಕ್ಕು ಮಗನದು. ಅವನ ಒಪ್ಪಿಗೆಯಿಲ್ಲದೆ ಉತ್ತರಿಸಲು ನಮಗೆ ಸಾಮಾನ್ಯವಾಗಿ ಬರುವುದಿಲ್ಲ.

2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಹೊಸ ತೊಡಕೊಂದು ಹುಟ್ಟಿದೆ. ಈಗ ನನಗೆ ಬರುವ ಉತ್ತರಗಳಲ್ಲಿ ಕೆಲವು ಬಹಳ ನಯವಾಗಿರುತ್ತವೆ, ಬರೆದವರ ಗೊಂದಲ ಮಾತ್ರ ಅವುಗಳಲ್ಲಿ ಇರುವುದಿಲ್ಲ. ನನಗೆ ಬೇಕಾದುದು ಆ ಗೊಂದಲವೇ. ಆದ್ದರಿಂದ ಉತ್ತರ ಸರಿಯೇ ತಪ್ಪೇ ಎಂದು ಅಂಕ ಕೊಡುವುದಿಲ್ಲ. ಪ್ರಾಮಾಣಿಕ ಪ್ರಯತ್ನಕ್ಕೆ ಕೊಡುತ್ತೇನೆ. ಕೊನೆಯ ಪ್ರಶ್ನೆ ಯಾವಾಗಲೂ ಒಂದೇ: ನಿಮಗೆ ಎಲ್ಲಿ ಅರ್ಥವಾಗಲಿಲ್ಲ? ಕಳೆದ ಸೆಮಿಸ್ಟರಿನಲ್ಲಿ, ನಡುರಾತ್ರಿ ಕಳೆದ ಮೇಲೆ, ಭಾರತದಿಂದ ಹೊಸದಾಗಿ ಬಂದ ಹುಡುಗನೊಬ್ಬ ಅದರ ಕೆಳಗೆ, “ಸರ್, ಇದು ತೀರ ಸಣ್ಣ ಪ್ರಶ್ನೆಯಾಗಿದ್ದರೆ ಕ್ಷಮಿಸಿ” ಎಂದು ಆರಂಭಿಸಿ ಬರೆದಿದ್ದ. ಬೆಳಗಾಗುವುದರೊಳಗೆ ಇನ್ನೂ ಏಳೆಂಟು ಮಂದಿ ಅದನ್ನೇ ಕೇಳಿದ್ದರು.

ಈಗ ತಮ್ಮ ಪ್ರಶ್ನೆಗಳಿಗೆ ಕಾಯುತ್ತೇನೆ. ಕೈಯೆತ್ತಲು ಸಂಕೋಚವಿರುವವರು ಚೀಟಿಯಲ್ಲಿ ಬರೆದು ಕಳುಹಿಸಬಹುದು.